ವಿಲಿಯಂ ಟಿಂಡೇಲ್: ಅನುವಾದ, ಪದದ ಆಯ್ಕೆ ಮತ್ತು ಅಧಿಕಾರ

೧

ಇಂಗ್ಲಿಷ್ ಬಲ್ಲ ಓದುಗನೊಬ್ಬನು ಇಂದು ಬೈಬಲನ್ನು ಓದಬಯಸಿದರೆ ಅವನ ಮುಂದೆ ಹತ್ತಾರು ಅನುವಾದಗಳಿವೆ. ೧೬೧೧ರ ಕಿಂಗ್ ಜೇಮ್ಸ್ ಆವೃತ್ತಿ, ೧೮೮೧ ಮತ್ತು ೧೮೮೫ರಲ್ಲಿ ಎರಡು ಭಾಗಗಳಾಗಿ ಹೊರಬಂದ ರಿವೈಸ್ಡ್ ವರ್ಷನ್, ೧೯೫೨ರ ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್, ೧೯೭೮ರ ನ್ಯೂ ಇಂಟರ್‌ನ್ಯಾಷನಲ್ ವರ್ಷನ್ ಮೊದಲಾದವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಮೇಲುನೋಟಕ್ಕೆ ಅಭಿರುಚಿಯ ಪ್ರಶ್ನೆಯಂತೆ ತೋರುತ್ತದೆ. ಒಬ್ಬನಿಗೆ ಹಳೆಯ ಗದ್ಯದ ಗಾಂಭೀರ್ಯ ಬೇಕು, ಮತ್ತೊಬ್ಬನಿಗೆ ಮೂಲನಿಷ್ಠೆ ಬೇಕು, ಮಗದೊಬ್ಬನಿಗೆ ಸರಳತೆ ಬೇಕು. ಆದರೆ ಒಂದು ಅನುವಾದವನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಈ ಕ್ರಿಯೆಯ ಹಿಂದೆ ಒಂದು ದೀರ್ಘ ಚರಿತ್ರೆಯಿದೆ. ಆ ಚರಿತ್ರೆಯ ಆರಂಭದಲ್ಲಿ ಆಯ್ಕೆಗೆ ಅವಕಾಶವೇ ಇರಲಿಲ್ಲ. ಅವಕಾಶವನ್ನು ನಿರ್ಮಿಸಹೊರಟ ಅನುವಾದಕನು ಅದಕ್ಕಾಗಿ ಪ್ರಾಣವನ್ನೇ ತೆರಬೇಕಾಯಿತು.

ಆ ಅನುವಾದಕನೇ ವಿಲಿಯಂ ಟಿಂಡೇಲ್. ಗ್ರೀಕ್ ಮೂಲದಿಂದ ಹೊಸ ಒಡಂಬಡಿಕೆಯನ್ನೂ ಹೀಬ್ರೂ ಮೂಲದಿಂದ ಹಳೆಯ ಒಡಂಬಡಿಕೆಯ ಬಹುಭಾಗವನ್ನೂ ಇಂಗ್ಲಿಷಿಗೆ ತಂದವರಲ್ಲಿ ಅವನೇ ಮೊದಲಿಗ. ಅವನ ಜೀವನವನ್ನು ಮತಸುಧಾರಣೆಯ ಹುತಾತ್ಮನೊಬ್ಬನ ಕಥೆಯಾಗಿ ನಿರೂಪಿಸುವ ಪರಂಪರೆಯನ್ನು ೧೫೬೩ರಲ್ಲಿ ಪ್ರಕಟವಾದ ಜಾನ್ ಫಾಕ್ಸ್‌ನ ಬೃಹತ್ ಗ್ರಂಥವು ಆರಂಭಿಸಿತು. ಆ ನಿರೂಪಣೆಯಲ್ಲಿ ಸತ್ಯಾಂಶವಿದೆ. ಆದರೆ ಅನುವಾದದ ಅಧ್ಯಯನಕ್ಕೆ ಅದಕ್ಕಿಂತ ಮಹತ್ವದ ಇನ್ನೊಂದು ಸಂಗತಿ ಇಲ್ಲಿದೆ. ಟಿಂಡೇಲನ ಮೇಲಿನ ಆಕ್ಷೇಪಗಳಲ್ಲಿ ಮುಖ್ಯವಾದವು ಬೆರಳೆಣಿಕೆಯ ಕೆಲವು ಪದಗಳಿಗೆ ಸಂಬಂಧಿಸಿದವು. ಒಂದು ಪದದ ಜಾಗದಲ್ಲಿ ಇನ್ನೊಂದನ್ನು ಇಟ್ಟದ್ದು ಒಂದು ಸಾಮ್ರಾಜ್ಯದ ಧಾರ್ಮಿಕ ವ್ಯವಸ್ಥೆಯನ್ನು ಹೇಗೆ ಕಲಕಿತು ಎಂಬುದನ್ನು ಅವನ ಬದುಕು ತೋರಿಸಿಕೊಡುತ್ತದೆ.

೨

ಟಿಂಡೇಲ್ ಇಂಗ್ಲೆಂಡಿನ ಪಶ್ಚಿಮಭಾಗದ ಗ್ಲಾಸ್ಟರ್‌ಷೈರ್‌ನಲ್ಲಿ ಸುಮಾರು ೧೪೯೪ರಲ್ಲಿ ಜನಿಸಿದನು. ಉಣ್ಣೆ ಮತ್ತು ಬಟ್ಟೆಯ ವ್ಯಾಪಾರದಿಂದ ಸಮೃದ್ಧವಾಗಿದ್ದ ಪ್ರದೇಶವದು. ಅವನ ಕುಟುಂಬಕ್ಕೆ ಹಚಿನ್ಸ್ ಎಂಬ ಇನ್ನೊಂದು ಹೆಸರೂ ಇತ್ತು. ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಹಾಲ್‌ನಲ್ಲಿ ಓದಿ ೧೫೧೨ರಲ್ಲಿ ಬಿ.ಎ. ಪದವಿಯನ್ನೂ ೧೫೧೫ರಲ್ಲಿ ಎಂ.ಎ. ಪದವಿಯನ್ನೂ ಪಡೆದನು. ಪಾದ್ರಿಯಾಗಿ ದೀಕ್ಷೆಯನ್ನೂ ಸ್ವೀಕರಿಸಿದನು. ದೇವತಾಶಾಸ್ತ್ರದ ವಿದ್ಯಾರ್ಥಿಯು ಹಲವು ವರ್ಷಗಳ ಕಾಲ ತರ್ಕ ಮತ್ತು ತತ್ತ್ವಶಾಸ್ತ್ರಗಳಲ್ಲಿ ಪಳಗಿದ ಮೇಲಷ್ಟೇ ಧರ್ಮಗ್ರಂಥದ ಅಧ್ಯಯನಕ್ಕೆ ಪ್ರವೇಶ ಪಡೆಯಬೇಕೆಂಬ ಅಂದಿನ ವಿಶ್ವವಿದ್ಯಾಲಯದ ಕ್ರಮವನ್ನು ಅವನು ಮುಂದೆ ತನ್ನ ಬರಹಗಳಲ್ಲಿ ಕಟುವಾಗಿ ಟೀಕಿಸಿದನು.

ಆ ಕಾಲದ ಇಂಗ್ಲೆಂಡಿನಲ್ಲಿ ಬೈಬಲ್ ಎಂದರೆ ಲ್ಯಾಟಿನ್ ಬೈಬಲ್ ಎಂದೇ ಅರ್ಥ. ನಾಲ್ಕನೆಯ ಶತಮಾನದ ಕೊನೆ ಮತ್ತು ಐದನೆಯ ಶತಮಾನದ ಆರಂಭದಲ್ಲಿ ಜೆರೋಮ್ ಸಿದ್ಧಪಡಿಸಿದ ವಲ್ಗೇಟ್ ಎಂಬ ಪಠ್ಯವು ಸ್ವತಃ ಒಂದು ಅನುವಾದವಾಗಿದ್ದರೂ ಸಾವಿರ ವರ್ಷಗಳ ಬಳಕೆಯಿಂದ ಮೂಲದ ಸ್ಥಾನವನ್ನೇ ಪಡೆದಿತ್ತು. ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಜಾನ್ ವಿಕ್ಲಿಫ್‌ನ ಅನುಯಾಯಿಗಳು ವಲ್ಗೇಟನ್ನು ಇಂಗ್ಲಿಷಿಗೆ ಅನುವಾದಿಸಿ ಹಸ್ತಪ್ರತಿಗಳಲ್ಲಿ ಹರಡಿದ್ದರು. ಇದಕ್ಕೆ ಪ್ರತಿಕ್ರಿಯೆಯಾಗಿ ಆರ್ಚ್‌ಬಿಷಪ್ ಅರುಂಡೆಲ್‌ನು ರೂಪಿಸಿ ೧೪೦೯ರಲ್ಲಿ ಪ್ರಕಟಿಸಿದ ಆಕ್ಸ್‌ಫರ್ಡ್ ಕಟ್ಟಳೆಗಳು, ಬಿಷಪ್ಪರ ಅನುಮತಿಯಿಲ್ಲದೆ ಧರ್ಮಗ್ರಂಥವನ್ನು ಇಂಗ್ಲಿಷಿಗೆ ಅನುವಾದಿಸುವುದನ್ನೂ ಅಂತಹ ಅನುವಾದವನ್ನು ಓದುವುದನ್ನೂ ನಿಷೇಧಿಸಿದವು. ಜರ್ಮನ್, ಫ್ರೆಂಚ್, ಇಟಾಲಿಯನ್ ಭಾಷೆಗಳಲ್ಲಿ ಹದಿನೈದನೆಯ ಶತಮಾನದಲ್ಲೇ ಮುದ್ರಿತ ಬೈಬಲ್‌ಗಳು ದೊರೆಯುತ್ತಿದ್ದಾಗ ಇಂಗ್ಲಿಷಿನಲ್ಲಿ ಅಂತಹುದೊಂದು ಇಲ್ಲದಿರುವುದಕ್ಕೆ ಈ ಕಟ್ಟಳೆಗಳೇ ಮುಖ್ಯ ಕಾರಣ.

ಈ ಸ್ಥಿತಿಯನ್ನು ಕದಲಿಸಿದ್ದು ಡೆಸಿಡೇರಿಯಸ್ ಎರಾಸ್ಮಸ್‌ನ ವಿದ್ವತ್ತು. ೧೫೧೬ರಲ್ಲಿ ಅವನು ಹೊಸ ಒಡಂಬಡಿಕೆಯ ಗ್ರೀಕ್ ಪಠ್ಯವನ್ನು ತನ್ನದೇ ಆದ ಹೊಸ ಲ್ಯಾಟಿನ್ ಅನುವಾದದೊಡನೆ ಪ್ರಕಟಿಸಿದನು. ವಲ್ಗೇಟಿನ ಪದಗಳನ್ನು ಗ್ರೀಕ್ ಪದಗಳ ಪಕ್ಕದಲ್ಲಿಟ್ಟು ಪರೀಕ್ಷಿಸುವುದು ಅಲ್ಲಿಂದಾಚೆಗೆ ಎಲ್ಲ ವಿದ್ವಾಂಸರಿಗೂ ಸಾಧ್ಯವಾಯಿತು. ನೇಗಿಲು ಹಿಡಿದ ರೈತನೂ ಮಗ್ಗದ ಮುಂದೆ ಕುಳಿತ ನೇಕಾರನೂ ಧರ್ಮಗ್ರಂಥವನ್ನು ತಮ್ಮ ನುಡಿಯಲ್ಲಿ ಬಲ್ಲವರಾಗಬೇಕೆಂಬ ಆಶಯವನ್ನು ಎರಾಸ್ಮಸ್ ಅದರ ಮುನ್ನುಡಿಯಲ್ಲಿ ವ್ಯಕ್ತಪಡಿಸಿದ್ದನು. ಆದರೆ ಆ ಆಶಯವನ್ನು ಅವನು ಲ್ಯಾಟಿನ್ನಿನಲ್ಲಿ ಬರೆದನೆಂಬುದು ಗಮನಾರ್ಹ. ಅದನ್ನು ದೇಶಭಾಷೆಯಲ್ಲಿ ನಿಜಗೊಳಿಸುವ ಹೊಣೆ ಮುಂದಿನ ತಲೆಮಾರಿಗೆ ಉಳಿಯಿತು.

ಸುಮಾರು ೧೫೨೧ರಲ್ಲಿ ಟಿಂಡೇಲ್ ತನ್ನ ಪ್ರಾಂತಕ್ಕೆ ಮರಳಿ ಲಿಟ್ಲ್ ಸಾಡ್ಬರಿಯಲ್ಲಿ ಸರ್ ಜಾನ್ ವಾಲ್ಷ್‌ನ ಮನೆಯಲ್ಲಿ ಆಶ್ರಯ ಪಡೆದನು. ಅಲ್ಲಿ ಊಟಕ್ಕೆ ಬರುತ್ತಿದ್ದ ಸ್ಥಳೀಯ ಧರ್ಮಾಧಿಕಾರಿಗಳೊಡನೆ ಅವನಿಗೆ ಮೇಲಿಂದ ಮೇಲೆ ವಾಗ್ವಾದಗಳಾದವು. ಅವರಲ್ಲಿ ಅನೇಕರಿಗೆ ತಾವು ಬೋಧಿಸುವ ಗ್ರಂಥದ ಪರಿಚಯವೇ ಸಾಲದೆಂಬುದು ಅವನಿಗೆ ಮನವರಿಕೆಯಾಯಿತು. ಪೋಪರ ಕಟ್ಟಳೆಯಿಲ್ಲದೆ ಬದುಕುವುದಕ್ಕಿಂತ ದೇವರ ಕಟ್ಟಳೆಯಿಲ್ಲದೆ ಬದುಕುವುದೇ ಮೇಲೆಂದು ಹೇಳಿದ ವಿದ್ವಾಂಸನೊಬ್ಬನಿಗೆ, ಆಯಸ್ಸಿದ್ದರೆ ಉಳುವ ಹುಡುಗನೂ ಆ ವಿದ್ವಾಂಸನಿಗಿಂತ ಹೆಚ್ಚಾಗಿ ಧರ್ಮಗ್ರಂಥವನ್ನು ಬಲ್ಲವನಾಗುವಂತೆ ಮಾಡುವುದಾಗಿ ಟಿಂಡೇಲ್ ಉತ್ತರಿಸಿದನೆಂದು ಫಾಕ್ಸ್ ದಾಖಲಿಸಿದ್ದಾನೆ. ಎರಾಸ್ಮಸ್‌ನ ಆಶಯವು ಇಲ್ಲಿ ಒಂದು ಸಂಕಲ್ಪವಾಗಿ ಮಾರ್ಪಟ್ಟಿತು.

೩

ಕಾನೂನನ್ನು ಮೀರುವುದು ಟಿಂಡೇಲನ ಮೊದಲ ಉದ್ದೇಶವಾಗಿರಲಿಲ್ಲ. ಕಟ್ಟಳೆಯು ಬಿಷಪ್ಪರ ಅನುಮತಿಯನ್ನು ಕೇಳುತ್ತಿದ್ದುದರಿಂದ ಅವನು ೧೫೨೩ರಲ್ಲಿ ಲಂಡನ್ನಿಗೆ ಹೋಗಿ ಅಲ್ಲಿನ ಬಿಷಪ್ ಕತ್‌ಬರ್ಟ್ ಟನ್‌ಸ್ಟಲ್‌ನ ಆಶ್ರಯವನ್ನೇ ಬಯಸಿದನು. ಟನ್‌ಸ್ಟಲ್ ಎರಾಸ್ಮಸ್‌ನ ಸ್ನೇಹಿತ, ಗ್ರೀಕ್ ಬಲ್ಲವನು. ತನ್ನ ಪಾಂಡಿತ್ಯದ ಮಾದರಿಯಾಗಿ ಟಿಂಡೇಲ್ ಐಸಾಕ್ರಟೀಸ್‌ನ ಭಾಷಣವೊಂದರ ಅನುವಾದವನ್ನು ಒಯ್ದಿದ್ದನು. ತನ್ನ ಮನೆಯಲ್ಲಿ ಈಗಾಗಲೇ ಸಾಕಷ್ಟು ಜನರಿದ್ದಾರೆಂದು ಹೇಳಿ ಬಿಷಪ್ಪನು ಅವನನ್ನು ಸಾಗಹಾಕಿದನು. ಹಂಫ್ರಿ ಮಾನ್‌ಮತ್ ಎಂಬ ಬಟ್ಟೆಯ ವ್ಯಾಪಾರಿಯು ಸುಮಾರು ಆರು ತಿಂಗಳು ಅವನಿಗೆ ಆಶ್ರಯವಿತ್ತನು. ಲಂಡನ್ನಿನಲ್ಲಷ್ಟೇ ಅಲ್ಲ, ಇಡೀ ಇಂಗ್ಲೆಂಡಿನಲ್ಲೇ ಈ ಕಾರ್ಯಕ್ಕೆ ಎಡೆಯಿಲ್ಲವೆಂಬ ನಿರ್ಧಾರಕ್ಕೆ ಬಂದು ೧೫೨೪ರಲ್ಲಿ ಅವನು ಜರ್ಮನಿಗೆ ತೆರಳಿದನು. ಮರಳಿ ತಾಯ್ನೆಲವನ್ನು ಕಾಣುವ ಯೋಗ ಅವನಿಗಿರಲಿಲ್ಲ.

೧೫೨೫ರಲ್ಲಿ ಕಲೋನ್ ನಗರದ ಪೀಟರ್ ಕ್ವೆಂಟೆಲ್‌ನ ಮುದ್ರಣಾಲಯದಲ್ಲಿ ಹೊಸ ಒಡಂಬಡಿಕೆಯ ಅಚ್ಚು ಆರಂಭವಾಯಿತು. ಅದೇ ಮುದ್ರಣಾಲಯಕ್ಕೆ ಬರುತ್ತಿದ್ದ ಯೋಹಾನ್ ಕೊಕ್ಲಿಯಸ್ ಎಂಬ ಸುಧಾರಣಾ ವಿರೋಧಿ ವಿದ್ವಾಂಸನು ಅಚ್ಚಿನ ಕೆಲಸಗಾರರಿಗೆ ಮದ್ಯ ಕುಡಿಸಿ ಗುಟ್ಟನ್ನು ಹೊರಡಿಸಿ ನಗರದ ಅಧಿಕಾರಿಗಳಿಗೆ ತಿಳಿಸಿದನು. ಟಿಂಡೇಲನೂ ಅವನ ಸಹಾಯಕ ವಿಲಿಯಂ ರಾಯ್‌ನೂ ಅಚ್ಚಾಗಿದ್ದ ಹಾಳೆಗಳೊಡನೆ ರೈನ್ ನದಿಯಲ್ಲಿ ದೋಣಿಯೇರಿ ವರ್ಮ್ಸ್ ನಗರಕ್ಕೆ ಪಾರಾದರು. ಮತ್ತಾಯನ ಸುವಾರ್ತೆಯ ೨೨ನೆಯ ಅಧ್ಯಾಯದವರೆಗಿನ ಕಲೋನ್ ಮುದ್ರಣದ ಒಂದೇ ಒಂದು ತುಣುಕು ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿದೆ. ೧೫೨೬ರಲ್ಲಿ ವರ್ಮ್ಸ್‌ನ ಪೀಟರ್ ಶೋಫರ್‌ನ ಮುದ್ರಣಾಲಯದಿಂದ ಸಂಪೂರ್ಣ ಹೊಸ ಒಡಂಬಡಿಕೆಯು ಕಿಸೆಯಲ್ಲಿಟ್ಟುಕೊಳ್ಳಬಹುದಾದ ಪುಟ್ಟ ಆಕಾರದಲ್ಲಿ ಹೊರಬಂದಿತು. ಅದರಲ್ಲಿ ಅನುವಾದಕನ ಹೆಸರಿರಲಿಲ್ಲ, ಅಂಚಿನ ಟಿಪ್ಪಣಿಗಳಿರಲಿಲ್ಲ. ಕೊನೆಯಲ್ಲಿದ್ದ ಚಿಕ್ಕ ಅರಿಕೆಯಲ್ಲಿ ಅವನು ತಪ್ಪುಗಳನ್ನು ತಿದ್ದಬೇಕೆಂದು ಬಲ್ಲವರನ್ನು ಕೋರಿದ್ದನು.

ಬಟ್ಟೆಯ ಮೂಟೆಗಳ ನಡುವೆ ಅಡಗಿ ಪ್ರತಿಗಳು ಇಂಗ್ಲೆಂಡನ್ನು ಸೇರಿದವು. ಅದೇ ವರ್ಷ ಟನ್‌ಸ್ಟಲ್ ಸೇಂಟ್ ಪಾಲ್ ಕೆಥೆಡ್ರಲಿನ ಆವರಣದಲ್ಲಿ ಈ ಅನುವಾದದ ವಿರುದ್ಧ ಬೋಧಿಸಿ ಪ್ರತಿಗಳನ್ನು ಸುಡಿಸಿದನು. ಪ್ರತಿಗಳನ್ನು ಕೊಂಡು ನಾಶಮಾಡುವ ಪ್ರಯತ್ನವೂ ನಡೆಯಿತು. ಟನ್‌ಸ್ಟಲ್ ಆಗಸ್ಟಿನ್ ಪ್ಯಾಕಿಂಗ್ಟನ್ ಎಂಬ ವ್ಯಾಪಾರಿಯ ಮೂಲಕ ಆಂಟ್ವರ್ಪ್‌ನಲ್ಲಿ ಪ್ರತಿಗಳನ್ನು ಖರೀದಿಸಿದನೆಂದೂ ಆ ಹಣವೇ ಟಿಂಡೇಲನ ಮುಂದಿನ ಪರಿಷ್ಕರಣಕ್ಕೆ ಒದಗಿತೆಂದೂ ಎಡ್ವರ್ಡ್ ಹಾಲ್‌ನ ವೃತ್ತಾಂತ ಹೇಳುತ್ತದೆ. ಸಾವಿರಾರು ಪ್ರತಿಗಳಲ್ಲಿ ಇಂದು ತಿಳಿದಿರುವಂತೆ ಉಳಿದಿರುವುದು ಮೂರು. ಸೇಂಟ್ ಪಾಲ್ ಕೆಥೆಡ್ರಲಿನಲ್ಲಿ ಒಂದಿದೆ. ಬ್ರಿಟಿಷ್ ಲೈಬ್ರರಿಯು ೧೯೯೪ರಲ್ಲಿ ಹತ್ತು ಲಕ್ಷ ಪೌಂಡಿಗೂ ಮಿಗಿಲಾದ ಬೆಲೆಗೆ ಒಂದನ್ನು ಕೊಂಡಿತು. ಮೂರನೆಯದನ್ನು ೧೯೯೬ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ಗ್ರಂಥಾಲಯದಲ್ಲಿ ಗುರುತಿಸಲಾಯಿತು. ಮುಖಪುಟವನ್ನು ಉಳಿಸಿಕೊಂಡಿರುವುದು ಅದೊಂದೇ.

೪

ಒಂದು ಅನುವಾದವನ್ನು ಸುಡುವಷ್ಟು ರೋಷಕ್ಕೆ ಕಾರಣವಾದ ಪದಗಳು ಯಾವುವು? ಮುಖ್ಯವಾಗಿ ನಾಲ್ಕನ್ನು ಹೆಸರಿಸಬಹುದು. ಗ್ರೀಕಿನ 'ಎಕ್ಲೇಸಿಯ' ಎಂಬುದಕ್ಕೆ ರೂಢಿಯ 'ಚರ್ಚ್' ಎಂಬ ಪದವನ್ನು ಬಿಟ್ಟು 'ಕಾಂಗ್ರಿಗೇಷನ್', ಅಂದರೆ ಕೂಡಿದ ಜನರ ಸಭೆ ಎಂಬುದನ್ನು ಟಿಂಡೇಲ್ ಬಳಸಿದನು. 'ಪ್ರೆಸ್ಬುಟೆರೊಸ್' ಎಂಬುದಕ್ಕೆ ಯಾಜಕ ಎಂಬರ್ಥದ 'ಪ್ರೀಸ್ಟ್' ಬದಲಿಗೆ ಮೊದಲು 'ಸೀನಿಯರ್' ಎಂದೂ ಆಮೇಲೆ 'ಎಲ್ಡರ್' ಎಂದೂ ಬರೆದನು. 'ಅಗಾಪೆ'ಗೆ 'ಚಾರಿಟಿ'ಯ ಬದಲು 'ಲವ್' ಎಂದನು. 'ಮೆಟನೋಯಿಯ'ದ ಕ್ರಿಯಾರೂಪಕ್ಕೆ ಪ್ರಾಯಶ್ಚಿತ್ತ ಮಾಡಿರಿ ಎಂಬ ರೂಢಿಯ ಅರ್ಥವನ್ನು ಕೈಬಿಟ್ಟು ಮನಸ್ಸು ತಿರುಗಿಸಿಕೊಳ್ಳಿರಿ ಎಂಬರ್ಥ ಬರುವ 'ರಿಪೆಂಟ್' ಎಂಬ ಪದವನ್ನು ಇರಿಸಿದನು.

ಭಾಷಾಶಾಸ್ತ್ರದ ದೃಷ್ಟಿಯಿಂದ ಈ ಆಯ್ಕೆಗಳಿಗೆ ಗಟ್ಟಿಯಾದ ಆಧಾರವಿತ್ತು. 'ಎಕ್ಲೇಸಿಯ' ಎಂಬುದು ಗ್ರೀಕ್ ನಗರಗಳಲ್ಲಿ ಪೌರರು ಸೇರುವ ಸಭೆಗೆ ಇದ್ದ ಹೆಸರು. 'ಪ್ರೆಸ್ಬುಟೆರೊಸ್' ಎಂದರೆ ಹಿರಿಯನೇ ಹೊರತು ಬಲಿಯರ್ಪಿಸುವ ಯಾಜಕನಲ್ಲ. ಯಾಜಕನಿಗೆ ಗ್ರೀಕಿನಲ್ಲಿ 'ಹಿಯೆರೆಯುಸ್' ಎಂಬ ಬೇರೆಯೇ ಪದವಿದೆ. ಇಂಗ್ಲಿಷಿನ 'ಪ್ರೀಸ್ಟ್' ಎಂಬುದು ವ್ಯುತ್ಪತ್ತಿಯಲ್ಲಿ 'ಪ್ರೆಸ್ಬುಟೆರೊಸ್'ನಿಂದಲೇ ಬಂದಿದ್ದರೂ ಬಳಕೆಯಲ್ಲಿ ಅದು ಯಾಜಕನೆಂಬ ಅರ್ಥವನ್ನು ಆವಾಹಿಸಿಕೊಂಡಿತ್ತು. 'ಚಾರಿಟಿ'ಯು ಆಡುನುಡಿಯಲ್ಲಿ ದಾನಧರ್ಮದ ಅರ್ಥಕ್ಕೆ ಇಳಿಯುತ್ತಿತ್ತು. 'ಮೆಟನೋಯಿಯ'ಕ್ಕೆ ವಲ್ಗೇಟ್ ಕೊಟ್ಟಿದ್ದ ಲ್ಯಾಟಿನ್ ಪದವನ್ನು ಟಿಂಡೇಲನಿಗಿಂತ ಬಹಳ ಮೊದಲೇ ಇಟಲಿಯ ಲೊರೆಂಜೊ ವಲ್ಲಾ ಪ್ರಶ್ನಿಸಿದ್ದನು. ವಲ್ಲಾನ ಟಿಪ್ಪಣಿಗಳನ್ನು ೧೫೦೫ರಲ್ಲಿ ಅಚ್ಚಿಗೆ ತಂದವನು ಎರಾಸ್ಮಸ್.

ಆದರೆ ಈ ನಾಲ್ಕು ಪದಗಳು ಬರಿಯ ಪದಗಳಾಗಿರಲಿಲ್ಲ. 'ಚರ್ಚ್' ಎಂಬುದರ ಮೇಲೆ ಪೋಪನಿಂದ ಹಿಡಿದು ಹಳ್ಳಿಯ ಪಾದ್ರಿಯವರೆಗಿನ ಶ್ರೇಣಿ ನಿಂತಿತ್ತು. 'ಪ್ರೀಸ್ಟ್' ಎಂಬುದರ ಮೇಲೆ ಬಲಿಪೂಜೆಯ ಅಧಿಕಾರ ನಿಂತಿತ್ತು. 'ಚಾರಿಟಿ'ಯೊಡನೆ ಪುಣ್ಯಕಾರ್ಯಗಳ ಕಲ್ಪನೆ ಬೆಸೆದುಕೊಂಡಿತ್ತು. ಪ್ರಾಯಶ್ಚಿತ್ತದ ಮೇಲೆ ಪಾಪನಿವೇದನೆ, ದಂಡನೆ, ಕ್ಷಮಾಪತ್ರಗಳ ಇಡೀ ವ್ಯವಸ್ಥೆ ಕಟ್ಟಲ್ಪಟ್ಟಿತ್ತು. ಪದವನ್ನು ಕದಲಿಸಿದರೆ ಅದು ಹೊತ್ತ ಕಟ್ಟಡವೂ ಕದಲುತ್ತದೆ. ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಕಂಡವನು ಸರ್ ಥಾಮಸ್ ಮೋರ್. ೧೫೨೯ರಲ್ಲಿ ಪ್ರಕಟವಾದ ಸಂವಾದರೂಪದ ಗ್ರಂಥದಲ್ಲಿ ಅವನು ಈ ಪದಗಳನ್ನೇ ಹಿಡಿದು ಟಿಂಡೇಲನನ್ನು ಎದುರಿಸಿದನು. ೧೫೩೧ರಲ್ಲಿ ಟಿಂಡೇಲ್ ಉತ್ತರ ಬರೆದನು. ಅದಕ್ಕೆ ೧೫೩೨-೩೩ರಲ್ಲಿ ಮೋರ್ ಬರೆದ ಖಂಡನೆಯು ಸುಮಾರು ಐದು ಲಕ್ಷ ಪದಗಳಷ್ಟು ವಿಸ್ತಾರವಾಯಿತು.

ಮೋರ್‌ನ ವಾದವನ್ನು ಹಗುರವಾಗಿ ಕಾಣಲಾಗದು. ದೇಶಭಾಷೆಯ ಬೈಬಲ್ಲನ್ನು ಅವನು ತಾತ್ತ್ವಿಕವಾಗಿ ವಿರೋಧಿಸಲಿಲ್ಲ. ಒಪ್ಪಿತವಾದ ಅನುವಾದವೊಂದು ಬಿಷಪ್ಪರ ವಿವೇಚನೆಯಂತೆ ಯೋಗ್ಯರ ಕೈಸೇರಬೇಕೆಂಬುದು ಅವನ ನಿಲುವು. ಪದದ ಅರ್ಥವನ್ನು ನಿರ್ಧರಿಸುವುದು ಅದರ ವ್ಯುತ್ಪತ್ತಿಯಲ್ಲ, ಬಳಸುವ ಸಮುದಾಯದ ರೂಢಿ ಎಂಬುದು ಅವನ ತರ್ಕದ ತಿರುಳು. ಸಭೆ ಎಂಬುದು ಯಾವ ಮತದವರ ಸಭೆಯೂ ಆಗಬಹುದು, ಹಿರಿಯನೆಂಬುದು ಬರಿಯ ವಯಸ್ಸನ್ನು ಸೂಚಿಸಬಹುದು, ಪ್ರೀತಿಯು ಎಂತಹ ಪ್ರೀತಿಯೂ ಆಗಬಹುದು. ಹಾಗಿರುವಾಗ ನೂರಾರು ವರ್ಷಗಳ ಬಳಕೆಯಿಂದ ನಿಶ್ಚಿತಾರ್ಥ ಪಡೆದ ಪದಗಳನ್ನು ಬಿಡುವುದು ಅರ್ಥವನ್ನು ಸ್ಪಷ್ಟಗೊಳಿಸುವುದಕ್ಕಲ್ಲ, ಸಿದ್ಧಾಂತವೊಂದನ್ನು ತೂರಿಸುವುದಕ್ಕೆ ಎಂದು ಅವನು ಆಪಾದಿಸಿದನು. ಆಧುನಿಕ ಭಾಷಾವಿಜ್ಞಾನಿಯು ಈ ವಾದದ ಮೊದಲರ್ಧವನ್ನು ಸುಲಭವಾಗಿ ತಳ್ಳಿಹಾಕಲಾರನು.

ಟಿಂಡೇಲನ ಉತ್ತರವು ಎರಡು ನೆಲೆಗಳಲ್ಲಿದೆ. ಪದವು ಎಂತಹ ಸಭೆಯನ್ನು, ಎಂತಹ ಪ್ರೀತಿಯನ್ನು ಕುರಿತದ್ದೆಂಬುದನ್ನು ಸಂದರ್ಭವೇ ತಿಳಿಸುತ್ತದೆ ಎಂಬುದು ಮೊದಲನೆಯದು. ಮೋರ್‌ನ ಆಪ್ತಮಿತ್ರನಾದ ಎರಾಸ್ಮಸ್ಸನೇ ತನ್ನ ಲ್ಯಾಟಿನ್ ಅನುವಾದದಲ್ಲಿ 'ಎಕ್ಲೇಸಿಯ'ಕ್ಕೆ ಸಭೆಯೆಂಬ ಅರ್ಥದ ಪದವನ್ನು ಬಳಸಿದ್ದಾಗ ಮೋರ್ ಮೌನವಾಗಿದ್ದುದೇಕೆ ಎಂಬುದು ಎರಡನೆಯದು. ಈ ಪ್ರಶ್ನೆಯು ವಿವಾದದ ಮರ್ಮವನ್ನು ಮುಟ್ಟುತ್ತದೆ. ಲ್ಯಾಟಿನ್ ಬಲ್ಲ ಕೆಲವರ ನಡುವೆ ವಿದ್ವತ್ ಚರ್ಚೆಯಾಗಿದ್ದ ಅದೇ ಪದವು ಇಂಗ್ಲಿಷಿಗೆ ಬಂದೊಡನೆ ಅಪರಾಧವಾಗಿತ್ತು. ಇಷ್ಟಾಗಿಯೂ ಟಿಂಡೇಲ್ ಒಂದು ಕಡೆ ಪ್ರತಿವಾದಿಗೆ ಮಣಿದನು. 'ಸೀನಿಯರ್' ಎಂಬುದು ಒಳ್ಳೆಯ ಇಂಗ್ಲಿಷಲ್ಲವೆಂದು ಒಪ್ಪಿ ೧೫೩೪ರ ಪರಿಷ್ಕರಣದಲ್ಲಿ 'ಎಲ್ಡರ್' ಎಂದು ತಿದ್ದಿದನು. ಅವನ ಆಯ್ಕೆಗಳು ಮತನಿರಪೇಕ್ಷವಾಗಿದ್ದವೆಂದು ಹೇಳಲಾಗದು. ಲೂಥರ್‌ನ ಮುನ್ನುಡಿಗಳ ದಟ್ಟ ಪ್ರಭಾವ ಅವನ ಮೇಲಿತ್ತು. ಅಂಚಿನ ಟಿಪ್ಪಣಿಗಳಲ್ಲಿ ಪೋಪನ ಮೇಲಿನ ಅವನ ವ್ಯಂಗ್ಯ ಕಟುವಾದದ್ದು. ಆದರೆ ಅವನು ಕದಲಿಸಿದ ಹಳೆಯ ಪದಗಳೂ ಮತನಿರಪೇಕ್ಷವಾಗಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

೫

ಹೊಸ ಒಡಂಬಡಿಕೆಯ ಬಳಿಕ ಟಿಂಡೇಲ್ ಹೀಬ್ರೂ ಭಾಷೆಯತ್ತ ತಿರುಗಿದನು. ೧೨೯೦ರಲ್ಲಿ ಯಹೂದಿಗಳನ್ನು ಹೊರಗಟ್ಟಿದ್ದ ಇಂಗ್ಲೆಂಡಿನಲ್ಲಿ ಹೀಬ್ರೂ ಬಲ್ಲವರು ತೀರ ವಿರಳ. ಅವನು ಅದನ್ನು ಜರ್ಮನಿಯಲ್ಲಿ ಕಲಿತನೆಂದು ಊಹಿಸಲಾಗಿದೆ. ೧೫೩೦ರಲ್ಲಿ ಮೋಶೆಯ ಐದು ಗ್ರಂಥಗಳ ಅನುವಾದ ಆಂಟ್ವರ್ಪ್‌ನಲ್ಲಿ ಅಚ್ಚಾಯಿತು. ಅಧಿಕಾರಿಗಳ ಕಣ್ಣು ತಪ್ಪಿಸಲು ಅದರಲ್ಲಿ ಮಾರ್ಬುರ್ಗ್‌ನ ಮುದ್ರಕನೆಂದು ಬೇರೊಂದು ಹೆಸರನ್ನು ಹಾಕಲಾಗಿತ್ತು. ಹೀಬ್ರೂವಿನ ಜಾಯಮಾನವು ಲ್ಯಾಟಿನ್ನಿಗಿಂತ ಇಂಗ್ಲಿಷಿಗೆ ಹೆಚ್ಚು ಒಗ್ಗುತ್ತದೆ, ಅನೇಕ ಕಡೆ ಪದಕ್ಕೆ ಪದವಿಟ್ಟರೆ ಸಾಕು ಎಂಬುದು ಅವನ ಅನುಭವ. ಚಿಕ್ಕ ಚಿಕ್ಕ ವಾಕ್ಯಗಳನ್ನು 'ಮತ್ತು' ಎಂಬುದರಿಂದ ಪೋಣಿಸುತ್ತ ಹೋಗುವ ಹೀಬ್ರೂ ಕಥನದ ನಡೆಯನ್ನು ಅವನು ಹಾಗೆಯೇ ಉಳಿಸಿಕೊಂಡನು. ಇಂಗ್ಲಿಷ್ ಗದ್ಯಕ್ಕೆ ಆ ಲಯವು ದೊರೆತದ್ದು ಹೀಗೆ. ಹೀಬ್ರೂ ಪದಗಳಿಗೆ ಇಂಗ್ಲಿಷಿನಲ್ಲಿ ಸಾಟಿಯಿಲ್ಲದೆಡೆ 'ಪಾಸೋವರ್', 'ಸ್ಕೇಪ್‌ಗೋಟ್' ಮೊದಲಾದ ಪದಗಳನ್ನು ಟಂಕಿಸಿದನು. ಇವು ಇಂದು ಧರ್ಮಗ್ರಂಥದ ಆಚೆಗೂ ಬಳಕೆಯಲ್ಲಿವೆ.

ಇದೇ ಅವಧಿಯಲ್ಲಿ ರಾಜಕೀಯವೂ ಅವನನ್ನು ಸುತ್ತಿಕೊಂಡಿತು. ೧೫೨೮ರಲ್ಲಿ ಅವನು ಪ್ರಕಟಿಸಿದ ಕ್ರೈಸ್ತನ ವಿಧೇಯತೆಯನ್ನು ಕುರಿತ ಗ್ರಂಥವು ರಾಜಾಧಿಕಾರವನ್ನು ಎತ್ತಿಹಿಡಿದದ್ದರಿಂದ ಎಂಟನೆಯ ಹೆನ್ರಿಗೆ ಮೆಚ್ಚುಗೆಯಾಯಿತೆಂದು ಹೇಳಲಾಗಿದೆ. ಆದರೆ ೧೫೩೦ರ ಇನ್ನೊಂದು ಗ್ರಂಥದಲ್ಲಿ ಅವನು ರಾಣಿ ಕ್ಯಾಥರೀನಳೊಡನೆ ಹೆನ್ರಿಯ ವಿವಾಹ ವಿಚ್ಛೇದನವನ್ನು ವಿರೋಧಿಸಿದನು. ಪ್ರಭುತ್ವದ ಕೃಪೆಯನ್ನು ಗಳಿಸುವ ಅವಕಾಶವು ಹೀಗೆ ಅವನ ಕೈಯಿಂದಲೇ ತಪ್ಪಿತು.

೧೫೩೧ರಲ್ಲಿ ಥಾಮಸ್ ಕ್ರಾಮ್‌ವೆಲ್‌ನ ಪ್ರತಿನಿಧಿಯಾಗಿ ಸ್ಟೀಫನ್ ವಾನ್ ಎಂಬುವನು ಆಂಟ್ವರ್ಪ್‌ನಲ್ಲಿ ಅವನನ್ನು ಗುಟ್ಟಾಗಿ ಭೇಟಿಯಾಗಿ ಇಂಗ್ಲೆಂಡಿಗೆ ಮರಳುವಂತೆ ಒಡಂಬಡಿಸಲು ಯತ್ನಿಸಿದನು. ಆಗ ಟಿಂಡೇಲ್ ಮುಂದಿಟ್ಟ ಷರತ್ತನ್ನು ವಾನ್ ತನ್ನ ಪತ್ರದಲ್ಲಿ ವರದಿ ಮಾಡಿದ್ದಾನೆ. ಧರ್ಮಗ್ರಂಥದ ಬರಿಯ ಪಠ್ಯವನ್ನು ಜನರ ನುಡಿಯಲ್ಲಿ ಹೊರತರಲು ರಾಜನು ಸಮ್ಮತಿಸುವುದಾದರೆ, ಆ ಅನುವಾದ ಯಾರದೇ ಆಗಿದ್ದರೂ ಸರಿ, ತಾನು ಮುಂದೆ ಏನನ್ನೂ ಬರೆಯುವುದಿಲ್ಲ, ಬಂದು ರಾಜನ ಪಾದಕ್ಕೆ ಶರಣಾಗಿ ಯಾವ ಶಿಕ್ಷೆಯನ್ನಾದರೂ ಅನುಭವಿಸುತ್ತೇನೆ ಎಂಬುದು ಅದರ ಸಾರ. ತನ್ನ ಅನುವಾದವೇ ಗೆಲ್ಲಬೇಕೆಂಬ ಹಟ ಇಲ್ಲಿಲ್ಲ. ಒಂದೊಂದು ಪದಕ್ಕೂ ಮೋರ್‌ನೊಡನೆ ಸೆಣಸುತ್ತಿದ್ದ ಅದೇ ವರ್ಷ ಅವನು ತನ್ನ ಎಲ್ಲ ಪದಗಳನ್ನೂ ಬಿಟ್ಟುಕೊಡಲು ಸಿದ್ಧನಾಗಿದ್ದನು. ಅವನಿಗೆ ಮುಖ್ಯವಾಗಿದ್ದುದು ಓದುಗನ ಕೈಗೆ ಪಠ್ಯವೊಂದು ಸೇರುವುದು. ರಾಜನು ಈ ಷರತ್ತನ್ನು ಒಪ್ಪಲಿಲ್ಲ.

ಯಾವ ಅನುವಾದವಾದರೂ ಆದೀತು ಎಂದ ಅದೇ ಟಿಂಡೇಲ್ ೧೫೩೪ರಲ್ಲಿ ತನ್ನ ಅನುವಾದವನ್ನು ಬೇರೊಬ್ಬನು ತಿದ್ದಿದಾಗ ಸಿಡಿದೆದ್ದನು. ಆಂಟ್ವರ್ಪ್‌ನ ಮುದ್ರಕರು ಅವನ ಹೊಸ ಒಡಂಬಡಿಕೆಯನ್ನು ಅನುಮತಿಯಿಲ್ಲದೆ ಮರುಮುದ್ರಿಸುತ್ತಿದ್ದರು. ಅಚ್ಚುಮೊಳೆ ಜೋಡಿಸುವವರಿಗೆ ಇಂಗ್ಲಿಷ್ ಬಾರದ್ದರಿಂದ ತಪ್ಪುಗಳು ಹೆಚ್ಚಿದವು. ಅವುಗಳನ್ನು ತಿದ್ದಲು ನೇಮಕಗೊಂಡ ಜಾರ್ಜ್ ಜಾಯ್ ಎಂಬ ವಿದ್ವಾಂಸನು ಹಲವೆಡೆ ಪುನರುತ್ಥಾನ ಎಂಬರ್ಥದ 'ರೆಸರೆಕ್ಷನ್' ಪದವನ್ನು ತೆಗೆದು ಈ ಬದುಕಿನ ಬಳಿಕದ ಬದುಕು ಎಂಬರ್ಥದ ಮಾತನ್ನು ಸೇರಿಸಿದನು. ದೇಹದ ಪುನರುತ್ಥಾನದ ನಂಬಿಕೆಯನ್ನೇ ಇದು ಅಲುಗಿಸುತ್ತದೆಂದು ಟಿಂಡೇಲ್ ಭಾವಿಸಿದನು. ತನ್ನ ಪರಿಷ್ಕೃತ ಆವೃತ್ತಿಗೆ ಸೇರಿಸಿದ ಎರಡನೆಯ ಮುನ್ನುಡಿಯಲ್ಲಿ ಅವನು ಎತ್ತಿದ ಆಕ್ಷೇಪವು ಅನುವಾದದ ನೀತಿಗೆ ಸಂಬಂಧಿಸಿದ್ದು. ಯಾರು ಬೇಕಾದರೂ ಅನುವಾದಿಸಲಿ, ಬೇರೊಬ್ಬನ ಅನುವಾದವನ್ನು ಆಧರಿಸಿಯೂ ಮಾಡಲಿ, ಆದರೆ ಬದಲಾವಣೆಗೆ ತನ್ನದೇ ಹೆಸರನ್ನು ಹಾಕಿ ಹೊಣೆ ಹೊರಲಿ ಎಂಬುದು ಅವನ ನಿಲುವು. ೧೫೨೬ರ ಆವೃತ್ತಿಯಲ್ಲಿ ಹೆಸರನ್ನು ಮರೆಸಿದ್ದ ಅನುವಾದಕನು ೧೫೩೪ರ ಮುಖಪುಟದಲ್ಲಿ ತನ್ನ ಹೆಸರನ್ನು ಅಚ್ಚು ಹಾಕಿಸಿದ್ದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ. ಆ ಆವೃತ್ತಿಯ ಚರ್ಮಪತ್ರದ ಪ್ರತಿಯೊಂದು ರಾಣಿ ಆನ್ ಬೊಲೀನಳ ಬಳಿಯಿದ್ದು ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ.

೬

ಆಂಟ್ವರ್ಪ್‌ನಲ್ಲಿ ಟಿಂಡೇಲ್ ಥಾಮಸ್ ಪಾಯಿಂಟ್ಸ್ ಎಂಬ ಇಂಗ್ಲಿಷ್ ವ್ಯಾಪಾರಿಯ ರಕ್ಷಣೆಯಲ್ಲಿ ವಾಸವಾಗಿದ್ದನು. ಹೆನ್ರಿ ಫಿಲಿಪ್ಸ್ ಎಂಬ ಯುವಕನು ತಂದೆಯ ಹಣವನ್ನು ಜೂಜಿನಲ್ಲಿ ಕಳೆದು ಅಲ್ಲಿಗೆ ಬಂದು ಅವನ ಸ್ನೇಹವನ್ನು ಸಂಪಾದಿಸಿದನು. ೧೫೩೫ರ ಮೇ ತಿಂಗಳಲ್ಲಿ ಊಟಕ್ಕೆಂದು ಅವನನ್ನು ಮನೆಯಿಂದ ಹೊರಡಿಸಿ, ಇಕ್ಕಟ್ಟಾದ ಓಣಿಯಲ್ಲಿ ಕಾದಿದ್ದ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಅಧಿಕಾರಿಗಳಿಗೆ ಹಿಡಿದುಕೊಟ್ಟನು. ಅದೇ ದಿನ ಬೆಳಗ್ಗೆ ಅವನು ಟಿಂಡೇಲನಿಂದ ನಲವತ್ತು ಷಿಲಿಂಗ್ ಸಾಲ ಪಡೆದಿದ್ದನೆಂದು ಫಾಕ್ಸ್‌ನ ಗ್ರಂಥ ಹೇಳುತ್ತದೆ. ಬಿಡುಗಡೆಗಾಗಿ ಓಡಾಡಿದ ಪಾಯಿಂಟ್ಸ್ ತಾನೇ ಬಂಧಿತನಾಗಿ, ತಪ್ಪಿಸಿಕೊಂಡು, ವ್ಯಾಪಾರವನ್ನೆಲ್ಲ ಕಳೆದುಕೊಂಡನು.

ಬ್ರಸೆಲ್ಸ್ ಸಮೀಪದ ವಿಲ್ವೋರ್ಡ್ ಕೋಟೆಯಲ್ಲಿ ಟಿಂಡೇಲ್ ಸುಮಾರು ಹದಿನಾರು ತಿಂಗಳು ಸೆರೆಯಲ್ಲಿದ್ದನು. ಅವನ ಕೈಬರಹದಲ್ಲಿ ಉಳಿದಿರುವ ಒಂದು ಲ್ಯಾಟಿನ್ ಪತ್ರವು ಆ ಸೆರೆಮನೆಯದು. ಚಳಿಗೆ ಬೆಚ್ಚನೆಯ ಟೊಪ್ಪಿಗೆ, ಬಟ್ಟೆ, ಸಂಜೆಯ ಕತ್ತಲಿಗೆ ಒಂದು ದೀಪ ಇವುಗಳನ್ನು ಕೇಳಿದ ಮೇಲೆ, ಎಲ್ಲಕ್ಕಿಂತ ಮಿಗಿಲಾಗಿ ತನ್ನ ಹೀಬ್ರೂ ಬೈಬಲ್, ಹೀಬ್ರೂ ವ್ಯಾಕರಣ ಮತ್ತು ಹೀಬ್ರೂ ನಿಘಂಟುಗಳನ್ನು ಕಳುಹಿಸಬೇಕೆಂದು ಅವನು ಅದರಲ್ಲಿ ಬೇಡಿದ್ದಾನೆ. ಆ ಬೇಡಿಕೆ ಈಡೇರಿತೇ ಎಂಬುದಕ್ಕೆ ದಾಖಲೆಯಿಲ್ಲ. ಅವನು ಸೆರೆಯಲ್ಲಿದ್ದಾಗಲೇ, ೧೫೩೫ರ ಜುಲೈ ೬ರಂದು, ಹೆನ್ರಿಯ ಪರಮಾಧಿಕಾರವನ್ನು ಒಪ್ಪದ ಥಾಮಸ್ ಮೋರ್ ಲಂಡನ್ನಿನಲ್ಲಿ ಶಿರಚ್ಛೇದಕ್ಕೆ ಒಳಗಾದನು. ಪದಗಳಿಗಾಗಿ ಪರಸ್ಪರ ಹೋರಾಡಿದ ಇಬ್ಬರೂ ತಮ್ಮ ತಮ್ಮ ನಂಬಿಕೆಗೆ ಬೆಲೆ ತೆತ್ತರು. ೧೫೩೬ರ ಆಗಸ್ಟಿನಲ್ಲಿ ಟಿಂಡೇಲನನ್ನು ಧರ್ಮಭ್ರಷ್ಟನೆಂದು ಘೋಷಿಸಿ ಪಾದ್ರಿಯ ಪದವಿಯಿಂದ ಇಳಿಸಲಾಯಿತು. ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ, ಸಂಪ್ರದಾಯದಂತೆ ೬ರಂದು, ಕಂಬಕ್ಕೆ ಬಿಗಿದು ಕತ್ತು ಹಿಸುಕಿ ಕೊಂದು ದೇಹವನ್ನು ಸುಡಲಾಯಿತು. ಇಂಗ್ಲೆಂಡಿನ ದೊರೆಯ ಕಣ್ಣು ತೆರೆಯಲೆಂದು ಅವನು ಕೊನೆಯದಾಗಿ ಪ್ರಾರ್ಥಿಸಿದನೆಂದು ಫಾಕ್ಸ್ ಬರೆದಿದ್ದಾನೆ.

೭

ಮುಂದಿನದು ಚರಿತ್ರೆಯ ವ್ಯಂಗ್ಯ. ೧೫೩೫ರಲ್ಲೇ ಮೈಲ್ಸ್ ಕವರ್ಡೇಲ್ ಸಿದ್ಧಪಡಿಸಿದ ಸಂಪೂರ್ಣ ಇಂಗ್ಲಿಷ್ ಬೈಬಲ್ ಹೊರಬಂದಿತ್ತು. ಟಿಂಡೇಲ್ ಅನುವಾದಿಸದೆ ಉಳಿದ ಭಾಗಗಳನ್ನು ಅವನು ಜರ್ಮನ್ ಮತ್ತು ಲ್ಯಾಟಿನ್ ಅನುವಾದಗಳ ನೆರವಿನಿಂದ ತುಂಬಿದ್ದನು. ೧೫೩೭ರಲ್ಲಿ ಟಿಂಡೇಲನ ಗೆಳೆಯ ಜಾನ್ ರಾಜರ್ಸ್ ಥಾಮಸ್ ಮ್ಯಾಥ್ಯೂ ಎಂಬ ಹೆಸರಿನ ಮರೆಯಲ್ಲಿ ಇನ್ನೊಂದು ಬೈಬಲ್ ಹೊರತಂದನು. ಅದರ ಬಹುಭಾಗ, ಅಲ್ಲಿಯವರೆಗೆ ಅಪ್ರಕಟಿತವಾಗಿದ್ದ ಯೆಹೋಶುವನಿಂದ ಪೂರ್ವಕಾಲವೃತ್ತಾಂತದವರೆಗಿನ ಗ್ರಂಥಗಳೂ ಸೇರಿದಂತೆ, ಟಿಂಡೇಲನದೇ ಎಂಬುದು ವಿದ್ವಾಂಸರ ನಿರ್ಣಯ. ಅನುವಾದಕನು ದಹನವಾಗಿ ಒಂದು ವರ್ಷ ಕಳೆಯುವ ಮೊದಲೇ ಅವನ ಪದಗಳು ರಾಜನ ಪರವಾನಗಿಯೊಡನೆ ಮಾರಾಟವಾದವು. ೧೫೩೯ರಲ್ಲಿ ಹೊರಬಂದ ಗ್ರೇಟ್ ಬೈಬಲ್ ಪ್ರತಿ ಚರ್ಚಿನಲ್ಲಿಯೂ ಇರಬೇಕೆಂಬ ಆಜ್ಞೆಯಿತ್ತು. ೧೫೪೧ರ ಅದರ ಒಂದು ಮುದ್ರಣದ ಮುಖಪುಟದಲ್ಲಿ ಪರಿಶೀಲಕರೆಂದು ನಮೂದಾಗಿರುವ ಇಬ್ಬರಲ್ಲಿ ಒಬ್ಬನು ಕತ್‌ಬರ್ಟ್ ಟನ್‌ಸ್ಟಲ್. ೧೫೨೬ರಲ್ಲಿ ತಾನು ಸುಡಿಸಿದ ಅನುವಾದದ ಪರಿಷ್ಕೃತ ರೂಪಕ್ಕೆ ಅವನು ಮುದ್ರೆಯೊತ್ತಿದ್ದನು. ಆದರೆ ೧೫೪೩ರ ಕಾಯಿದೆಯೊಂದು ಟಿಂಡೇಲನ ಹೆಸರಿನ ಅನುವಾದವನ್ನು ನಿಷೇಧಿಸಿ, ಕುಶಲಕರ್ಮಿಗಳು, ಬೇಸಾಯಗಾರರು, ಕೂಲಿಗಳು ಮತ್ತು ಕೆಳವರ್ಗದ ಸ್ತ್ರೀಯರು ಇಂಗ್ಲಿಷ್ ಬೈಬಲ್ ಓದಬಾರದೆಂದು ವಿಧಿಸಿತು. ಉಳುವ ಹುಡುಗನು ಮತ್ತೆ ಹೊರಗುಳಿದನು.

ಎಲಿಜಬೆತಳ ಕಾಲಕ್ಕೆ ಓದುಗನ ಮುಂದೆ ನಿಜವಾದ ಆಯ್ಕೆ ಮೂಡಿತು. ದೇಶಭ್ರಷ್ಟರಾಗಿದ್ದ ವಿದ್ವಾಂಸರು ೧೫೬೦ರಲ್ಲಿ ಪ್ರಕಟಿಸಿದ ಜಿನೀವಾ ಬೈಬಲ್ ವಚನಸಂಖ್ಯೆಗಳಿಂದಲೂ ವಿಪುಲವಾದ ಟಿಪ್ಪಣಿಗಳಿಂದಲೂ ಮನೆಮನೆಯ ಬೈಬಲ್ ಆಯಿತು. ಬಿಷಪ್ಪರು ೧೫೬೮ರಲ್ಲಿ ತಮ್ಮದೇ ಅನುವಾದವನ್ನು ಚರ್ಚುಗಳಿಗೆ ಒದಗಿಸಿದರು. ಕ್ಯಾಥೊಲಿಕರು ೧೫೮೨ರಲ್ಲಿ ರೀಮ್ಸ್‌ನಲ್ಲಿ ವಲ್ಗೇಟನ್ನು ಆಧರಿಸಿದ ಹೊಸ ಒಡಂಬಡಿಕೆಯನ್ನು ಪ್ರಕಟಿಸಿ ಪ್ರಾಯಶ್ಚಿತ್ತವೇ ಮೊದಲಾದ ಹಳೆಯ ಪದಗಳನ್ನು ಮರಳಿ ಪ್ರತಿಷ್ಠಾಪಿಸಿದರು. ಕೈಯಲ್ಲಿರುವ ಬೈಬಲ್ ಯಾವುದೆಂಬುದೇ ಓದುಗನ ಪಂಥವನ್ನು ಹೇಳುವಂತಾಯಿತು. ಜಿನೀವಾ ಬೈಬಲ್ಲಿನ ಟಿಪ್ಪಣಿಗಳಲ್ಲಿ ರಾಜದ್ರೋಹದ ವಾಸನೆ ಕಂಡ ಒಂದನೆಯ ಜೇಮ್ಸ್ ೧೬೦೪ರ ಹ್ಯಾಂಪ್ಟನ್ ಕೋರ್ಟ್ ಸಭೆಯಲ್ಲಿ ಹೊಸ ಅನುವಾದಕ್ಕೆ ಸಮ್ಮತಿಸಿದನು. ಆರು ತಂಡಗಳ ನಲವತ್ತೇಳು ವಿದ್ವಾಂಸರಿಗೆ ವಿಧಿಸಿದ ನಿಯಮಗಳಲ್ಲಿ ಒಂದು, ಚರ್ಚಿನ ಹಳೆಯ ಪದಗಳನ್ನು ಉಳಿಸಬೇಕು, 'ಚರ್ಚ್' ಎಂಬುದನ್ನು 'ಕಾಂಗ್ರಿಗೇಷನ್' ಎಂದು ಬದಲಿಸಬಾರದು ಎಂದಿತು. ಇನ್ನೊಂದು, ಮೂಲಕ್ಕೆ ಹೆಚ್ಚು ಹೊಂದುವೆಡೆ ಟಿಂಡೇಲ್ ಮೊದಲಾದವರ ಅನುವಾದಗಳನ್ನು ಬಳಸಬಹುದೆಂದಿತು. ಸತ್ತು ಸುಮಾರು ಎಪ್ಪತ್ತು ವರ್ಷ ಕಳೆದ ಮೇಲೂ ಅವನ ಒಂದು ಪದವನ್ನು ನಿಯಮ ಮಾಡಿ ತಡೆಯಬೇಕಾಗಿತ್ತು!

೧೬೧೧ರ ಕಿಂಗ್ ಜೇಮ್ಸ್ ಆವೃತ್ತಿಯು ಒಂದು ಬಗೆಯ ರಾಜಿ. 'ಚರ್ಚ್' ಮರಳಿತು. 'ರಿಪೆಂಟ್' ಮತ್ತು 'ಎಲ್ಡರ್' ಉಳಿದವು. 'ಲವ್' ಬಹುತೇಕ ಕಡೆ ಉಳಿದರೂ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ೧೩ನೆಯ ಅಧ್ಯಾಯದಲ್ಲಿ 'ಚಾರಿಟಿ' ಕುಳಿತಿತು. ಅದನ್ನು ಮತ್ತೆ ಟಿಂಡೇಲನ ಪದಕ್ಕೆ ತಿರುಗಿಸಿದ್ದು ೧೮೮೧ರ ಪರಿಷ್ಕರಣ. ೧೯೯೮ರಲ್ಲಿ ಪ್ರಕಟವಾದ ಸಂಖ್ಯಾಶಾಸ್ತ್ರೀಯ ಅಧ್ಯಯನವೊಂದರ ಪ್ರಕಾರ ಕಿಂಗ್ ಜೇಮ್ಸ್ ಹೊಸ ಒಡಂಬಡಿಕೆಯ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿದ ಪದಗಳು, ಹಳೆಯ ಒಡಂಬಡಿಕೆಯಲ್ಲಿ ಅವನು ಅನುವಾದಿಸಿದ ಗ್ರಂಥಗಳ ಮುಕ್ಕಾಲು ಪಾಲು ಪದಗಳು ಟಿಂಡೇಲನವೇ. ಅವನ ಹೆಸರು ಮಾತ್ರ ಮುಖಪುಟದಲ್ಲಿಲ್ಲ.

ಈ ವಿವಾದದ ಎಳೆ ಕನ್ನಡವನ್ನೂ ಮುಟ್ಟಿದೆ. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲಿನ ಕನ್ನಡಾನುವಾದವನ್ನು ಕೈಗೊಂಡನು. ಆ ಕಾರ್ಯದಿಂದ ಬೆಳೆದು ಬಂದ ಪ್ರಾಟೆಸ್ಟೆಂಟ್ ಪರಂಪರೆಯ ಕನ್ನಡ ಬೈಬಲ್ಲಿನಲ್ಲಿ 'ಎಕ್ಲೇಸಿಯ'ವು 'ಸಭೆ'ಯಾಗಿದೆ, 'ಪ್ರೆಸ್ಬುಟೆರೊಸ್' 'ಸಭೆಯ ಹಿರಿಯ'ನಾಗಿದ್ದಾನೆ, 'ಅಗಾಪೆ'ಯು 'ಪ್ರೀತಿ'ಯಾಗಿದೆ. ಕನ್ನಡ ಕ್ಯಾಥೊಲಿಕರು 'ಸಭೆ'ಗೆ ವಿಶೇಷಣ ಸೇರಿಸಿ 'ಧರ್ಮಸಭೆ' ಎನ್ನುತ್ತಾರೆ. ಬರಿಯ ಸಭೆಯು ಯಾವ ಸಭೆಯೂ ಆಗಬಹುದೆಂಬ ಮೋರ್‌ನ ಆಕ್ಷೇಪಕ್ಕೆ ಆ ವಿಶೇಷಣವು ತನಗರಿವಿಲ್ಲದೆಯೇ ಉತ್ತರ ಕೊಟ್ಟಂತಿದೆ. ಇಂಗ್ಲಿಷಿನಲ್ಲಿ ಪ್ರಾಣಕ್ಕೆ ಎರವಾದ ಪದವು ಕನ್ನಡದಲ್ಲಿ ಸಹಜವಾಗಿ ನೆಲೆಗೊಂಡದ್ದಕ್ಕೆ ಇಲ್ಲಿ ಅದಕ್ಕೆ ಎದುರಾಗಿ ನಿಲ್ಲಬಲ್ಲ ಹಳೆಯ ಸಾಂಸ್ಥಿಕ ಪದವೊಂದು ಬೇರೂರಿರದಿದ್ದುದು ಮುಖ್ಯ ಕಾರಣವಾಗಿರಬೇಕು.

ಅನುವಾದಗಳ ನಡುವೆ ಆಯ್ಕೆ ಮಾಡುವಾಗ ಯಾವುದು ಮೂಲಕ್ಕೆ ಹತ್ತಿರ, ಯಾವುದು ಓದುಗನಿಗೆ ಹತ್ತಿರ ಎಂಬ ಎರಡು ಪ್ರಶ್ನೆಗಳನ್ನು ಸಾಮಾನ್ಯವಾಗಿ ಕೇಳಲಾಗುತ್ತದೆ. ಟಿಂಡೇಲನ ಜೀವನವು ಇವುಗಳ ಜೊತೆಗೆ ಮೂರನೆಯದೊಂದನ್ನು ಸೇರಿಸುತ್ತದೆ: ಒಂದು ಪದವನ್ನು ಉಳಿಸಿಕೊಂಡರೆ ಅಥವಾ ಕೈಬಿಟ್ಟರೆ ಯಾರ ಅಧಿಕಾರ ಉಳಿಯುತ್ತದೆ, ಯಾರದು ಅಳಿಯುತ್ತದೆ? ಮೋರ್ ಮತ್ತು ಟಿಂಡೇಲ್ ಇಬ್ಬರೂ ಈ ಪ್ರಶ್ನೆಯನ್ನು ಬಲ್ಲವರಾಗಿದ್ದರು. ಉತ್ತರದಲ್ಲಿ ಮಾತ್ರ ಭಿನ್ನರಾಗಿದ್ದರು. ಹೆಸರಿಲ್ಲದ ಅನುವಾದಕನಾಗಿ ಆರಂಭಿಸಿ, ಹೊಣೆ ಹೊರಲೆಂದು ಹೆಸರು ಹಾಕಿ, ಕೊನೆಗೆ ಬೇರೆಯವರ ಹೆಸರಿನ ಗ್ರಂಥಗಳಲ್ಲಿ ಕರಗಿಹೋದ ಟಿಂಡೇಲನ ಗದ್ಯವು ತನ್ನ ಓದುಗರನ್ನು ಪಡೆಯಿತು. ೧೫೩೧ರಲ್ಲಿ ಅವನು ವಾನ್‌ನ ಮೂಲಕ ರಾಜನ ಮುಂದಿಟ್ಟ ಷರತ್ತು ಕೇಳಿದ್ದೂ ಅಷ್ಟನ್ನೇ.